ಎರಡು ಬೆರಳಷ್ಟು ಜಾಗ

ಕಂಪ್ಲಿಯ ಅಕ್ಕಿ ಗಿರಣಿ ಮಾಲೀಕ ಕೊಟ್ರಬಸಪ್ಪನವರಿಗೆ ಸಡಿಲವೆಂದರೆ ಆಗದು. ಚೀಲದ ಹೊಲಿಗೆ, ಪಂಚೆಯ ಗಂಟು, ಆಳುಗಳ ಹಾಜರಿ ಎಲ್ಲವೂ ಬಿಗಿ. ಬಾಯ್ಲರಿನಿಂದ ಭತ್ತ ಬೇಯಿಸುವ ತೊಟ್ಟಿಗೆ ಹೋಗುವ ಹಬೆಯ ಪೈಪು ಪ್ರತಿ ಸುಗ್ಗಿಗೂ ತಾನು ತಿರುಗುವ ಬೆಂಡಿನ ಹತ್ತಿರ ಬಿರುಕು ಬಿಡುತ್ತಿತ್ತು. ಅವರು ಪ್ರತಿ ಸಲವೂ ವೆಲ್ಡಿಂಗ್ ಮಾಡಿಸಿ, ಪೈಪು ಅಲುಗದಂತೆ ಹೊಸದೊಂದು ಕ್ಲ್ಯಾಂಪು ಬಿಗಿಸುತ್ತಿದ್ದರು. ಹಾಳಾದ ಪೈಪು ಮುಂದಿನ ಸಲ ಇನ್ನೂ ಬೇಗ ಬಿರಿಯುತ್ತಿತ್ತು.

ಮಗಳು ಕಾವ್ಯ, ಲೋಹ ಕಾವನ್ನೂ ಭಾರವನ್ನೂ ಹೇಗೆ ತಾಳುತ್ತದೆ ಎಂಬುದನ್ನೇ ಓದಿ ಎಂ.ಟೆಕ್ ಮುಗಿಸಿ ಬಂದವಳು. ಈ ಗಿರಣಿಯನ್ನು ತಾನೇ ನಡೆಸಬೇಕೆಂಬುದು ಅವಳ ಆಸೆ. ಲ್ಯಾಪ್‌ಟಾಪಿನಲ್ಲಿ ಪೈಪಿನ ಚಿತ್ರ ತೆರೆದು, ಬೆಂಡಿನಲ್ಲಿ ಒತ್ತಡ ಹೆಚ್ಚಾಗಿ ಕೆಂಪಗಾದ ಜಾಗವನ್ನು ಅಪ್ಪನಿಗೆ ತೋರಿಸಿದಳು.

“ಅಪ್ಪಾಜಿ, ಒಳಗ ಹಬಿ ಒತ್ತೋದನ್ನ ಪೈಪು ತಡಕೊಂತೈತ್ರಿ. ಆದ್ರ ಕಾವಿಗೆ ಅದು ಎರಡು ಬೆರಳು ಉದ್ದ ಆಗ್ತೈತಿ. ನೀವು ಎಲ್ಲಾ ಕಡಿ ಹಿಡಕೊಂಡ್ರ ಪಾಪ, ಎಲ್ಲಿಗೆ ಹೋಗಬೇಕದು?”

“ಮಾಡವ್ವ, ನಿನ್ನ ಮನಸಿಗೆ ಬಂದಂಗ ಮಾಡು. ಈ ಸಲ ಸೋರಿತು ಅಂದ್ರ ಮಾತ್ರ ನನ್ನ ಕ್ಲ್ಯಾಂಪು ವಾಪಸ್ ಬರ್ತಾವ. ಆಮ್ಯಾಲ ನೀ ಆಫೀಸಿನಾಗ ಕುಂತು ಬಿಲ್ ಬರಿ.”

ಕಾವ್ಯ ಫಿಟ್ಟರ್ ಪಕೀರಪ್ಪನಿಂದ ಕ್ಲ್ಯಾಂಪುಗಳನ್ನೆಲ್ಲ ಬಿಚ್ಚಿಸಿದಳು. ಪೈಪನ್ನು ರೋಲರುಗಳ ಮೇಲೆ ಕೂರಿಸಿ, ಅದು ಗೋಡೆ ದಾಟುವಲ್ಲಿ ಕಿಂಡಿ ದೊಡ್ಡದು ಮಾಡಿ, ಹಿಗ್ಗಿದ ಉದ್ದವನ್ನು ನುಂಗಲೆಂದು ಆಚೆ ಪೈಪಿಗೊಂದು ಸುತ್ತು ಕೊಟ್ಟಳು. ಆಯುಧಪೂಜೆ ಮುಗಿದ ಮರುದಿನ ಬಾಯ್ಲರ್ ಹೊತ್ತಿತು. ಹಬೆ ಏರಿತು, ಬೆಂಡು ಬುಸ್ಸೆಂದಿತು. ಅದೇ ಹಳೆಯ ಜಾಗ.

ಬಾಯ್ಲರ್ ಆರಿಸಿದರು. ಕೊಟ್ರಬಸಪ್ಪನವರು ಬೈಯಲಿಲ್ಲ, ಕ್ಲ್ಯಾಂಪುಗಳ ಚೀಲ ತರಲು ಪಕೀರಪ್ಪನಿಗೆ ಹೇಳಿದರು. ಬೈದಿದ್ದರೇ ವಾಸಿ ಎನ್ನಿಸಿತು ಕಾವ್ಯಳಿಗೆ. ಲೆಕ್ಕ ಎಲ್ಲಿ ತಪ್ಪಿತೆಂದು ಪೈಪಿನುದ್ದಕ್ಕೂ ನೋಡುತ್ತ ನಡೆದಳು. ಗೋಡೆಯ ಬಳಿ ಬಂದರೆ ಕಿಂಡಿಯೇ ಇಲ್ಲ. ಪೈಪಿನ ಸುತ್ತ ಬಿಗಿಯಾಗಿ ನುಣ್ಣನೆ ಸಿಮೆಂಟು, ಅದರ ಮೇಲೆ ಸುಣ್ಣ, ಸುಣ್ಣದ ಮೇಲೆ ಮೂರೆಳೆ ವಿಭೂತಿ, ಒಂದು ಚೆಂಡುಹೂವು.

“ಇದನ್ನ ಯಾರು ಮುಚ್ಚಿದ್ರು?”

“ನಾನ,” ಎಂದರು ಪೂಜೆಯ ಬುಂದೆ ಹಂಚಲು ಬಂದಿದ್ದ ತಾಯಿ ಸಂಗಮ್ಮ. “ಪೂಜಿಗೆ ಮಂದಿ ಬರೋದಿತ್ತು. ಇಷ್ಟಗಲ ಕಿಂಡಿ, ಇಲಿ ಬ್ಯಾರೆ. ಗೌಂಡಿಗೆ ಹೇಳಿ ಮೆತ್ತಿಸಿದೆ. ಚಂದ ಆಗೇತಲ್ಲ?”

ಅಳು ಬರಬೇಕಾದ ಕಡೆ ಕಾವ್ಯಳಿಗೆ ನಗು ಉಕ್ಕಿತು. ಕೊಟ್ರಬಸಪ್ಪನವರು ಹೆಂಡತಿಯನ್ನು ದುರುಗುಟ್ಟಿ ನೋಡಿದರು.

“ನನ್ನೇನ್ ನೋಡ್ತೀರಿ? ಲಗ್ನ ಆದಾಗಿಂದ ಎಲ್ಲಾ ಬಿಗಿ ಇರ್ಬೇಕು ಅಂದವ್ರು ಯಾರು?”

ಕೊಟ್ರಬಸಪ್ಪನವರು ಸುತ್ತಿಗೆ ತರಿಸಿ ತಾವೇ ಸಿಮೆಂಟು ಒಡೆದರು. ಬೆಂಡಿಗೆ ಹೊಸ ವೆಲ್ಡಿಂಗ್ ಆಯಿತು.

ಮಾರನೆಯ ದಿನ ಬಾಯ್ಲರ್ ಹೊತ್ತಿಸುವ ಮೊದಲು ಕೊಟ್ರಬಸಪ್ಪನವರು ಗೋಡೆಯ ಅಂಚಿಗೆ ಸರಿಯಾಗಿ ಪೈಪಿನ ಮೇಲೆ ವಿಭೂತಿಯ ಗೆರೆ ಎಳೆದು, ಅಲ್ಲೇ ಕುರ್ಚಿ ಹಾಕಿ ಕುಳಿತರು. ಹಬೆ ಏರಿದಂತೆ ಗೆರೆ ಮೆಲ್ಲನೆ ಗೋಡೆ ಬಿಟ್ಟು ಸರಿಯಿತು. ಒಂದು ಬೆರಳು, ಎರಡು ಬೆರಳು, ಅಲ್ಲಿಗೆ ನಿಂತಿತು. ಬೆಂಡು ಸೋರದೆ ಒಣಗಿಯೇ ಇತ್ತು. ಅವರು ಎದ್ದು, ಗೆರೆಗೂ ಗೋಡೆಗೂ ನಡುವಿನ ಜಾಗಕ್ಕೆ ಎರಡು ಬೆರಳು ಹಿಡಿದು ಅಳೆದರು.

“ಲೇ ಪಕೀರಪ್ಪ,” ಎಂದರು ಕೊನೆಗೆ, “ಆಫೀಸಿಗೆ ಬಿಲ್ ಬರಿಯಾಕ ಯಾರನ್ನಾರ ನೋಡು. ಕಾವ್ಯಾಗ ಇನ್ನ ಪುರಸೊತ್ತು ಇರಂಗಿಲ್ಲ.”