ಬಿಳಿ ದಾರದ ಪೊಟ್ಟಣಗಳು

ಆಪರೇಷನ್ನಿಗೆ ಇನ್ನೂ ಹನ್ನೆರಡು ದಿನ ಇರುವಾಗಲೇ ಮಹಾನಂದಾ ಅಡುಗೆಗೆ ನಿಂತಳು. ಗರ್ಭಕೋಶ ತೆಗೆಯಲೇಬೇಕು, ಆಮೇಲೆ ತಿಂಗಳೊಪ್ಪತ್ತು ತುಂಬಿದ ಕೊಡ ಎತ್ತುವ ಹಾಗಿಲ್ಲ ಎಂದು ಬೆಳಗಾವಿಯ ಡಾಕ್ಟರು ಹೇಳಿದ್ದರು. ಆಸ್ಪತ್ರೆಯಿಂದ ಅವಳು ಸೀದಾ ಸವದತ್ತಿಯ ತವರಿಗೆ ಹೋಗುವುದೆಂದು ಠರಾವಾಗಿತ್ತು. ಬೈಲಹೊಂಗಲದ ಮನೆಯಲ್ಲಿ ಉಳಿಯುವವರು ಗೊಬ್ಬರದ ಅಂಗಡಿ ನಡೆಸುವ ಗಂಡ ಶ್ರೀಶೈಲ ಮತ್ತು ಅತ್ತೆ ರಾಚವ್ವ. ಶ್ರೀಶೈಲನಿಗೆ ಚಹಾ ಕುದಿಸುವುದಷ್ಟೇ ಗೊತ್ತು. ರಾಚವ್ವ ಬಚ್ಚಲಲ್ಲಿ ಜಾರಿ ಬಿದ್ದು ಬಲಗೈಗೆ ಪ್ಲಾಸ್ಟರ್ ಹಾಕಿಸಿಕೊಂಡಿದ್ದಳು.

ಅದು ಎರಡು ಸಾವಿರದ ಮೂರನೆಯ ಇಸವಿ. ಹಿಂದಿನ ದೀಪಾವಳಿಗೆ ಮನೆಗೆ ಎರಡು ಬಾಗಿಲಿನ ಫ್ರಿಜ್ ಬಂದಿತ್ತು. ಮೇಲಿನ ಖಾನೆಯಲ್ಲಿಟ್ಟ ಅಡುಗೆ ತಿಂಗಳಾದರೂ ಕೆಡುವುದಿಲ್ಲವೆಂದು ಪುಣೆಯಲ್ಲಿದ್ದ ತಂಗಿ ಮೀನಾ ಫೋನಿನಲ್ಲಿ ಹೇಳಿಕೊಟ್ಟಿದ್ದಳು. ಮಹಾನಂದಾ ದಿನಕ್ಕೊಂದು ಬಗೆ ಮಾಡಿದಳು. ಮಡಕಿಕಾಳಿನ ಪಲ್ಯ, ಪುಂಡಿಪಲ್ಯ, ಎಣಗಾಯಿ, ಬೇಳೆ. ನೋವು ಬಂದಾಗ ಸೊಂಟ ಒತ್ತಿ ಹಿಡಿದು ಒಂದು ಗಳಿಗೆ ಕಟ್ಟೆಗೆ ಒರಗುವಳು, ಮತ್ತೆ ಸೌಟು ಹಿಡಿಯುವಳು. ಮಾಡಿದ್ದನ್ನು ಆರಿಸಿ, ಚೀಲಕ್ಕೆ ತುಂಬಿ, ದಾರ ಕಟ್ಟಿ ಸಾಲಾಗಿ ಜೋಡಿಸಿದಳು. ಖಡಕ್ ರೊಟ್ಟಿಗೆ ಫ್ರಿಜ್ಜಿನ ಹಂಗಿಲ್ಲ. ಅವನ್ನು ಬುಟ್ಟಿ ತುಂಬ ಬಡಿದಿಟ್ಟಳು.

"ಎಷ್ಟ ದಿನದ ತಂಗಳ ತಿನಸ್ತಿ ನಮಗ?" ಎಂದಳು ರಾಚವ್ವ.

"ಬಿಸಿ ಮಾಡಿದ್ರ ಹೊಸಾದ ಆಗತೈತ್ರಿ ಅತ್ತಿ. ಕೆಂಪು ದಾರದ್ದು ಅವರಿಗೆ, ಬಿಳಿ ದಾರದ್ದು ನಿಮಗ. ಅದಲಬದಲ ಮಾಡಬ್ಯಾಡ್ರಿ."

ನನಗ್ಯಾಕ ಬ್ಯಾರೆ ಎಂದು ರಾಚವ್ವನಿಗೆ ಚುರ್ರೆಂದಿತು. ಮಗನಿಗೆ ಒಳ್ಳೆಯದು, ಮುದುಕಿಗೆ ಉಳಿದದ್ದು ಇರಬೇಕು ಅಂದುಕೊಂಡಳು. ಸೊಸೆ ಬಸ್ ಹತ್ತುವಾಗಲೂ ಮುಖ ಕೊಟ್ಟು ಮಾತಾಡಲಿಲ್ಲ.

ಶ್ರೀಶೈಲ ಹೆಂಡತಿಯ ಜೊತೆ ಆಸ್ಪತ್ರೆಯಲ್ಲಿ ಉಳಿದ. ಮರುದಿನ ಮಧ್ಯಾಹ್ನ ಪಕ್ಕದ ಮನೆಯ ಯಲ್ಲವ್ವ ಬಂದು ಒಂದು ಬಿಳಿ ದಾರದ ಪೊಟ್ಟಣ ಬಿಚ್ಚಿ ಬಿಸಿ ಮಾಡಿಕೊಟ್ಟಳು. ರಾಚವ್ವ ಎಡಗೈಯಿಂದಲೇ ಒಂದು ತುತ್ತು ಬಾಯಿಗಿಟ್ಟಳು. ಕಾಳು ಬೆಣ್ಣೆಯಂತೆ ಬೆಂದಿತ್ತು. ಖಾರವೇ ಇರಲಿಲ್ಲ. ಜೀರಿಗೆ, ಒಂದಿಷ್ಟು ತುಪ್ಪ, ಅಷ್ಟೇ.

ಎರಡು ತಿಂಗಳಿಂದ ರಾಚವ್ವನ ಬಾಯಲ್ಲಿ ಹುಣ್ಣು. ಖಾರ ತಾಗಿದರೆ ಕಣ್ಣಲ್ಲಿ ನೀರು. ಸೊಸೆಗೇ ಅಷ್ಟು ಸಂಕಟ ಇರುವಾಗ ತನ್ನದೇನು ಹೇಳುವುದೆಂದು ಅವಳು ಯಾರ ಮುಂದೆಯೂ ಬಾಯಿ ಬಿಟ್ಟಿರಲಿಲ್ಲ.

"ಯಾಕ್ರಿ, ಸಪ್ಪಗ ಐತೇನು?" ಎಂದಳು ಯಲ್ಲವ್ವ.

"ಇಲ್ಲ ಯವ್ವಾ. ಛಲೋ ಐತಿ." ಅಷ್ಟು ಹೇಳಿ ರಾಚವ್ವ ತಾಟಿನ ತಳ ಕಾಣುವ ತನಕ ತಲೆ ಎತ್ತಲಿಲ್ಲ.

ಆರನೆಯ ದಿನ ಓಣಿಯ ಟ್ರಾನ್ಸ್‌ಫಾರ್ಮರ್ ಢಂ ಎಂದು ಸುಟ್ಟಿತು. ಹೊಸದು ಬರಲು ನಾಲ್ಕು ದಿನವೆಂದು ಲೈನ್‌ಮನ್ ಹೇಳಿ ಹೋದ. ಶ್ರೀಶೈಲ ಇನ್ನೂ ಆಸ್ಪತ್ರೆಯಲ್ಲೇ ಇದ್ದ. ಸಂಜೆಗೆ ಮೇಲಿನ ಖಾನೆಯ ಪೊಟ್ಟಣಗಳು ಮೆತ್ತಗಾಗತೊಡಗಿದವು. ರಾಚವ್ವ ಅವನ್ನು ಮುಟ್ಟಿ ಮುಟ್ಟಿ ನೋಡಿದಳು. ಸೊಂಟ ಹಿಡಿದುಕೊಂಡು ಒಲೆಯ ಮುಂದೆ ನಿಂತಿದ್ದ ಸೊಸೆ ಕಣ್ಣಿಗೆ ಕಟ್ಟಿದಳು. ಇದನ್ನು ತಿಪ್ಪೆಗೆ ಚೆಲ್ಲುವುದೇ? ಗಂಡ ತೀರಿದ ಮೇಲೆ ಪೇಟೆಯ ಕಡೆ ಒಬ್ಬಳೇ ಹೆಜ್ಜೆ ಇಡದಿದ್ದವಳು ಸೆರಗು ಸರಿಮಾಡಿಕೊಂಡು ಬಸ್‌ಸ್ಟ್ಯಾಂಡಿಗೆ ನಡೆದಳು. ಅಲ್ಲಿ ಹನುಮಪ್ಪನ ಐಸ್‌ಕ್ರೀಮ್ ಅಂಗಡಿ. ಅವನ ಡೀಪ್ ಫ್ರೀಜರಿಗೆ ಜನರೇಟರ್ ಇತ್ತು.

"ತಮ್ಮಾ, ನನ್ನ ಸೊಸಿ ದವಾಖಾನಿಗಿ ಹೋಗೂಕಿಂತ ಮೊದಲ ನಮಗಂತ ತಿಂಗಳದ ಅಡಗಿ ಮಾಡಿಟ್ಟಾಳ. ಕೆಡಾಕ ಹತ್ತೈತಿ. ಒಂದೀಟ ಜಾಗಾ ಕೊಡ್ತಿಯೇನ?"

ಹನುಮಪ್ಪ ಅವಳ ಪ್ಲಾಸ್ಟರ್ ಕೈ ನೋಡಿದ. "ನೀವ್ಯಾಕ ಬಂದ್ರಿ ಅವ್ವಾರ? ಹೇಳಿ ಕಳಿಸಿದ್ರ ನಾನ ಬರತಿದ್ದೆ," ಎಂದವನೇ ಐಸ್‌ಕ್ಯಾಂಡಿಯ ಎರಡು ಪೆಟ್ಟಿಗೆ ಹೊರಗೆ ತೆಗೆದ. ಆ ಕ್ಯಾಂಡಿ ಅಂದು ಬಸ್ಸಿಗೆ ಕಾದಿದ್ದ ಮಕ್ಕಳ ಪಾಲಾಯಿತು. ಸೈಕಲ್ಲಿನ ಮೇಲೆ ಪೊಟ್ಟಣಗಳನ್ನೆಲ್ಲ ತಂದು ಅವನೇ ಜೋಡಿಸಿದ. ನಾಲ್ಕು ದಿನವೂ ರಾಚವ್ವ ತಾನೇ ಹೋಗಿ ಅಂದಂದಿನದನ್ನು ತಂದಳು. ಒಂದೂ ಹಾಳಾಗಲಿಲ್ಲ.

ಪ್ಲಾಸ್ಟರ್ ಬಿಚ್ಚಿಸಿದ ಮರುದಿನವೇ ಅವಳು ಗೋಧಿ ಹುಗ್ಗಿ ಮಾಡಿ, ಡಬ್ಬಿ ಕಟ್ಟಿಕೊಂಡು ಸವದತ್ತಿಯ ಬಸ್ ಹತ್ತಿದಳು. ಮಹಾನಂದಾ ಪಡಸಾಲೆಯಲ್ಲಿ ಗೋಡೆಗೆ ಒರಗಿ ಕುಳಿತಿದ್ದಳು. ಅತ್ತೆ ಒಬ್ಬಳೇ ಬಂದದ್ದು ಕಂಡು ಗಾಬರಿಯಾಗಿ ಏಳಹೋದಳು.

"ಕುಂದರ, ಕುಂದರ," ಎಂದು ರಾಚವ್ವ ಬಗಲಲ್ಲೇ ಕುಳಿತಳು. "ನನ್ನ ಬಾಯಿ ಹುಣ್ಣು ನಿನಗ ಹೆಂಗ ಗೊತ್ತಾತು?"

"ನೀವು ರೊಟ್ಟಿ ಮುರದು ಮಜ್ಜಗ್ಯಾಗ ನೆನಸಿ ಉಣ್ಣಾಕ ಹತ್ತಿದ್ರಲ್ಲಾ... ನೋಡಿದ್ದೆ."

ರಾಚವ್ವ ಸೊಸೆಯ ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡಳು. ಆಮೇಲೆ ಹೇಳಿದಳು: "ಇಪ್ಪತ್ತ ವರ್ಷ ನಿನ್ನ ಕೈಯಾಗ ಉಂಡೇನಿ ಮಹಾನಂದಾ. ಛಲೋ ಮಾಡೀದಿ ಅಂತ ಒಂದ ದಿನಾ ಅಂದಿಲ್ಲ. ಬಸ್ಸಿನ್ಯಾಗ ದಾರಿಗುಂಟ ಅದನ್ನ ನೆನಸಕೋತ ಬಂದೆ. ನೀ ನಮ್ಮ ಮನಿಗಿ ಬಂದಿದ್ದು ನನ್ನ ಪುಣ್ಯಾ."

ಮಹಾನಂದಾ ನಕ್ಕಳು, ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡಳು. "ಅಳಸಬ್ಯಾಡ್ರಿ ಅತ್ತಿ, ಹೊಲಿಗಿ ಜಗ್ಗತಾವ," ಎಂದವಳ ಕೆನ್ನೆ ಆಗಲೇ ಒದ್ದೆಯಾಗಿತ್ತು.

ರಾಚವ್ವ ಡಬ್ಬಿಯ ಮುಚ್ಚಳ ತೆಗೆದು ಹುಗ್ಗಿಯ ಮೇಲೆ ತುಪ್ಪ ಬಿಟ್ಟು ಮುಂದಿಟ್ಟಳು. ಸೊಸೆ ಉಣ್ಣುತ್ತಿರುವಾಗ, ಎಷ್ಟೋ ದಿನದಿಂದ ಎಣ್ಣೆ ಕಾಣದ ಅವಳ ಕೂದಲನ್ನು ನೋಡಿ, ಬೀಗತಿಯನ್ನು ಕೂಗಿ ಎಣ್ಣೆಯ ಬಟ್ಟಲು, ಹಣಿಗೆ ತರಿಸಿಕೊಂಡಳು. ಮರಳಿ ಹೋಗುವ ಬಸ್ಸಿನ ಹೊತ್ತು ಮೀರುತ್ತಿದೆಯೆಂದು ಬೀಗತಿ ನೆನಪಿಸಿದರೆ, "ಬಸ್ ಹೋದ್ರ ಹೋಗವಲ್ದ್ಯಾಕ, ನಾ ಇವತ್ತ ಇಲ್ಲೇ ಇರತೇನಿ," ಎಂದು ಬೈತಲೆ ತೆಗೆಯತೊಡಗಿದಳು.