ಅಲಮೇಲು ಬಿದ್ದ ದಿನದ ವರದಿ

೧೯೭೮ರ ಜುಲೈ ತಿಂಗಳ ಒಂದು ಮಂಗಳವಾರ, ಶಂಕರಪುರದ ಮಹಿಳಾ ಮಂಡಳಿಯೊಂದು ನಡೆಸುತ್ತಿದ್ದ ಶಿಶುವಿಹಾರದಲ್ಲಿ ಅಲಮೇಲು ಎಂಬ ಮೂರೂವರೆ ವರ್ಷದ ಹುಡುಗಿ ಜಾರುಬಂಡೆಯ ಮೆಟ್ಟಿಲಿನಿಂದ ಹಿಂದಕ್ಕೆ ಬಿದ್ದಳು. ಬಿದ್ದದ್ದನ್ನು ದೊಡ್ಡವರು ಯಾರೂ ನೋಡಲಿಲ್ಲ.

ನೋಡಬೇಕಾಗಿದ್ದವರು ಇಬ್ಬರು. ಒಬ್ಬಳು ಟೀಚರು ಕಾವೇರಮ್ಮ. ವಯಸ್ಸು ನಲವತ್ತರ ಹತ್ತಿರ, ಮದುವೆಯಾಗಿರಲಿಲ್ಲ, ಎರಡು ರಸ್ತೆ ಆಚೆ ಅಣ್ಣನ ಮನೆಯಲ್ಲಿದ್ದಳು. ಶಿಶುವಿಹಾರ ತೆರೆದ ದಿನದಿಂದ ಹನ್ನೊಂದು ವರ್ಷ ಅದನ್ನು ನಡೆಸಿಕೊಂಡು ಬಂದವಳು ಅವಳೇ. ಇನ್ನೊಬ್ಬಳು ಆಯಾ ಅಂಜಿನಮ್ಮ. ಗೋಧಿ ನುಚ್ಚಿನ ಉಪ್ಪಿಟ್ಟು ಮಾಡುವುದು, ಮೂಗು ಒರೆಸುವುದು, ಚಾಪೆ ಹಾಸಿ ಮಲಗಿಸುವುದು ಎಲ್ಲ ಅವಳ ಕೆಲಸ. ಇಪ್ಪತ್ತಾರು ಮಕ್ಕಳಿಗೆ ಇವರಿಬ್ಬರೇ.

ಆ ದಿನ ಹನ್ನೊಂದು ಗಂಟೆಗೆ ಮಂಡಳಿಯ ಕಾರ್ಯದರ್ಶಿ ತ್ರಿಪುರಸುಂದರಿ ಬಂದಿದ್ದಳು. ವಕೀಲರ ಹೆಂಡತಿ, ಅಚ್ಚುಕಟ್ಟಿನ ಹೆಂಗಸು. ಶುಕ್ರವಾರ ಸರ್ಕಾರದ ಕಡೆಯಿಂದ ತಪಾಸಣೆಗೆ ಬರುವವರಿದ್ದರು. ಅವರಿಗೆ ಒಪ್ಪಿಗೆಯಾದರೆ ಅನುದಾನ ಸಿಕ್ಕಿ ಇನ್ನೊಂದು ಕೋಣೆ ಕಟ್ಟಿಸಬಹುದು ಎಂಬ ಆಸೆ ಕಾವೇರಮ್ಮನಿಗೂ ಇತ್ತು. ಗೋಡೆಯ ತೇವದ ಕಲೆ ಕಾಣದ ಹಾಗೆ ಬೀರು ಆ ಕಡೆಗೆ ಸರಿಸಬೇಕು ಎಂದಳು ತ್ರಿಪುರಸುಂದರಿ. ಕಾವೇರಮ್ಮ ಒಬ್ಬಳಿಂದ ಅದು ಅಲುಗಲಿಲ್ಲ. ಅಂಗಳದಲ್ಲಿದ್ದ ಅಂಜಿನಮ್ಮನನ್ನು ಕರೆದಳು. ಮಕ್ಕಳು ಆಚೆ ಇದ್ದಾರಲ್ಲ ಎಂದು ಅವಳು ಬಾಗಿಲಲ್ಲೇ ನಿಂತಳು. ಐದು ನಿಮಿಷದ ಕೆಲಸ, ಬಾ ಎಂದದ್ದು ಕಾವೇರಮ್ಮ.

ಬೀರು ಅರ್ಧ ಸರಿದಿತ್ತು. ಅಂಗಳದ ಗದ್ದಲ ಇದ್ದಕ್ಕಿದ್ದಂತೆ ನಿಂತುಹೋಯಿತು.

ಮೂವರೂ ಆಚೆ ಬಂದರು. ಅಲಮೇಲು ಕಲ್ಲುಹಾಸಿನ ಮೇಲೆ ಅಂಗಾತ ಬಿದ್ದಿದ್ದಳು, ಕಣ್ಣು ಬಿಟ್ಟುಕೊಂಡೇ ಇದ್ದಳು. ಅಂಜಿನಮ್ಮ ಎತ್ತಿಕೊಂಡ ಮೇಲೆ ಅಳು ಬಂತು. ರಕ್ತವಿರಲಿಲ್ಲ. ಎಡಕಿವಿಯ ಮೇಲೆ, ಕೂದಲಿನೊಳಗೆ, ನಿಂಬೆಕಾಯಿಯಷ್ಟು ಊದಿಕೊಂಡಿತ್ತು. ಕಾವೇರಮ್ಮ ಒದ್ದೆ ಬಟ್ಟೆ ಒತ್ತಿ ಹಿಡಿದು, ಬಾಯಿಗೆ ಚೂರು ಸಕ್ಕರೆ ಹಾಕಿದಳು. ಹುಡುಗಿ ಸುಮ್ಮನಾದಳು.

ತಾಯಿಗೆ ಹೇಳಿ ಕಳಿಸೋಣ ಎಂದಳು ಅಂಜಿನಮ್ಮ. ತಾಯಿ ನಾರಾಯಣಮ್ಮ ಸರ್ಕಾರಿ ಕಚೇರಿಯೊಂದರಲ್ಲಿ ಅಟೆಂಡರು. ಶಿಶುವಿಹಾರದ ಪಕ್ಕದ ಮನೆಯ ಗುರುಬಸಮ್ಮನವರಲ್ಲಿ ಫೋನಿತ್ತು. ಇಷ್ಟಕ್ಕೆಲ್ಲ ಆಫೀಸಿಗೆ ಫೋನ್ ಮಾಡಿ ಹೆದರಿಸುವುದೇಕೆ, ಮಕ್ಕಳು ಬೀಳುತ್ತವೆ ಏಳುತ್ತವೆ ಎಂದಳು ತ್ರಿಪುರಸುಂದರಿ. ಕಾವೇರಮ್ಮನಿಗೂ ಅದು ಸರಿ ಎನಿಸಿತು. ಹನ್ನೊಂದು ವರ್ಷದಲ್ಲಿ ಎಷ್ಟು ಮಕ್ಕಳ ಹಣೆ ಊದಿಲ್ಲ, ಎಷ್ಟು ಮೊಣಕಾಲು ತರಚಿಲ್ಲ.

ಅಲಮೇಲು ಮಧ್ಯಾಹ್ನ ಉಪ್ಪಿಟ್ಟು ಮುಟ್ಟಲಿಲ್ಲ. ಎಲ್ಲರಿಗಿಂತ ಮೊದಲೇ ಮಲಗಿದಳು. ಎರಡು ಗಂಟೆಯ ಹೊತ್ತಿಗೆ ಚಾಪೆಯ ಮೇಲೆ ವಾಂತಿ ಮಾಡಿಕೊಂಡಳು. ಅಂಜಿನಮ್ಮ ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿದ್ದಳು. ಕಾವೇರಮ್ಮನೇ ಒರೆಸಿ, ಬೇರೆ ಫ್ರಾಕು ಹಾಕಿ ಮಲಗಿಸಿದಳು. ಆಗಲೂ ಫೋನು ಇಪ್ಪತ್ತು ಹೆಜ್ಜೆ ದೂರದಲ್ಲಿತ್ತು. ಈಗ ಮಾಡಿದರೆ ಬಿದ್ದಾಗಲೇ ಏಕೆ ಮಾಡಲಿಲ್ಲ ಎಂದು ತಾಯಿ ಕೇಳುತ್ತಾಳಲ್ಲ ಎಂಬ ಯೋಚನೆ ಬಂತು, ಅಲ್ಲಿಗೇ ಬಿಟ್ಟಳು.

ಐದೂವರೆಗೆ ನಾರಾಯಣಮ್ಮ ಬಂದಾಗ ಗೇಟಿನಲ್ಲಿ ಇನ್ನೂ ನಾಲ್ಕೈದು ತಾಯಂದಿರಿದ್ದರು. ಹೇಳಬೇಕೆಂದುಕೊಂಡೇ ಕಾವೇರಮ್ಮ ಮಗುವನ್ನು ಎತ್ತಿಕೊಂಡು ಬಂದಿದ್ದಳು. ಅಷ್ಟು ಜನರ ಮುಂದೆ ಬಾಯಿಂದ ಬಂದದ್ದು ಬೇರೆ ಮಾತು.

“ಯಾಕೋ ಹೊಟ್ಟೆ ಸರಿ ಇಲ್ಲ ಅನ್ಸತ್ತೆ, ವಾಂತಿ ಮಾಡ್ಕೊಂಡ್ಳು. ರಾತ್ರಿ ಗಂಜಿ ಕೊಡಿ, ಸಾಕು.”

ನಾರಾಯಣಮ್ಮ ಬಟ್ಟೆ ಬದಲಾಯಿಸಿದ್ದಕ್ಕೆ ಥ್ಯಾಂಕ್ಸ್ ಹೇಳಿ, ನಿದ್ದೆಗಣ್ಣಿನ ಮಗಳನ್ನು ಹೆಗಲಿಗೆ ಹಾಕಿಕೊಂಡು ಹೋದಳು.

ಬುಧವಾರ ಅಲಮೇಲು ಬರಲಿಲ್ಲ. ಹನ್ನೊಂದಾದರೂ ಬಾರದಿದ್ದಾಗ ಅಂಜಿನಮ್ಮ, ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿದ್ದ ಅವರ ಮನೆಗೆ ಹೋಗಿ ನೋಡಿಬಂದಳು. ಬೆವರಿ ಬಂದವಳು ಕೂರಲಿಲ್ಲ. ಮನೆಯಲ್ಲಿ ಅಜ್ಜಿ ಮಾತ್ರ ಇದ್ದಳು. ಬೆಳಗಿನ ಜಾವ ಮಗುವಿಗೆ ಫಿಟ್ಸ್ ಬಂದು, ಅಪ್ಪ ಮುನಿಸ್ವಾಮಿ ಆಟೋದಲ್ಲಿ ದೊಡ್ಡಾಸ್ಪತ್ರೆಗೆ ಹೊತ್ತೊಯ್ದಿದ್ದನಂತೆ. ಮಗುವಿಗೆ ಎಚ್ಚರವಿಲ್ಲ. ಎಲ್ಲಾದರೂ ಬಿದ್ದಿತ್ತಾ ಎಂದು ಡಾಕ್ಟರು ಕೇಳಿದರಂತೆ, ಇಲ್ಲ ಎಂದಳಂತೆ ತಾಯಿ. ಮಿದುಳು ಜ್ವರವಿರಬಹುದು ಎಂದು ಔಷಧಿ ಕೊಡುತ್ತಿದ್ದಾರಂತೆ.

“ಹೊಟ್ಟೆ ಸರಿ ಇಲ್ಲ ಅಂತ ನೀವ್ ಹೇಳಿದ್ದನ್ನೇ ಡಾಕ್ಟ್ರಿಗೂ ಹೇಳವ್ಳೆ,” ಎಂದಳು ಅಂಜಿನಮ್ಮ. “ನೀವೇ ಹೋಗಿ ನಿಜ ಹೇಳ್ಬುಡಿ ಟೀಚರಮ್ಮ. ನಾನ್ ಇಲ್ಲಿ ನೋಡ್ಕೋತೀನಿ.”

ಕಾವೇರಮ್ಮ ಚಪ್ಪಲಿ ಮೆಟ್ಟಿಕೊಂಡು ಹೊರಟದ್ದು ಆಸ್ಪತ್ರೆಗೇ. ಬೀದಿಯ ತಿರುವಿನಲ್ಲಿ ಕಾರ್ಯದರ್ಶಿಗೆ ಒಂದು ಮಾತು ಹೇಳದೆ ಹೋಗುವುದು ಸರಿಯಲ್ಲ ಎನಿಸಿ, ಬಸವನಗುಡಿಯ ಅವಳ ಮನೆಗೆ ನಡೆದಳು. ತ್ರಿಪುರಸುಂದರಿ ಎಲ್ಲ ಕೇಳಿಸಿಕೊಂಡಳು. ಮುಖ ಬಿಳಿಚಿತು, ಅವಳಿಗೂ ಭಯವಾಗಿತ್ತು. ಆದರೆ ಮಾತು ನಿಧಾನವಾಗಿಯೇ ಬಂತು.

“ನೋಡಿ ಕಾವೇರಮ್ಮ, ಆಸ್ಪತ್ರೇಲಿ ಈಗ ನೀವು ಬಾಯಿ ಬಿಟ್ರೆ ನಾಳೆ ಪೊಲೀಸ್ನೋರು ಬಂದು ನಿಂತ್ಕೋತಾರೆ. ಅಷ್ಟು ದೊಡ್ಡ ಡಾಕ್ಟ್ರಿಗೆ ತಲೆ ಊದಿರೋದು ಕಾಣಲ್ವೇನ್ರಿ? ನಮ್ಮ ಯಜಮಾನ್ರು ಕೋರ್ಟಿಂದ ಬರ್ಲಿ. ಕೇಳಿ ಹೇಳ್ತೀನಿ.”

ಕೊಟ್ಟ ಕಾಫಿಯನ್ನು ಕಾವೇರಮ್ಮ ಕುಡಿದಳು. ಆಚೆ ಬಂದು ಬಸ್‌ಸ್ಟಾಪಿನಲ್ಲಿ ನಿಂತಳು. ಆಸ್ಪತ್ರೆಯ ಕಡೆಗೆ ಹೋಗುವ ಬಸ್ಸು ಬಂತು. ಹತ್ತಲಿಲ್ಲ. ಇನ್ನೊಂದು ಬಂತು. ಕಂಡಕ್ಟರು ಮುಖ ನೋಡಿ ತಡೆದು, ಮತ್ತೆ ಸೀಟಿ ಊದಿದ. ಅದೂ ಹೋಯಿತು. ಬಿಸಿಲಿರಲಿಲ್ಲ, ಮೋಡ ಕವಿದಿತ್ತು. ಅವಳು ನಡೆದುಕೊಂಡೇ ಶಿಶುವಿಹಾರಕ್ಕೆ ವಾಪಸಾದಳು.

ಅಲ್ಲಿ ಮಕ್ಕಳ ನಡುವೆ ಗುರುಬಸಮ್ಮ ಕೂತಿದ್ದರು. ಟೀಚರು ಆಸ್ಪತ್ರೆಯ ಕಡೆಗಲ್ಲದೆ ಬಸವನಗುಡಿಯ ಕಡೆಗೆ ತಿರುಗಿದ್ದನ್ನು ಗೇಟಿನಿಂದಲೇ ಕಂಡಿದ್ದ ಅಂಜಿನಮ್ಮ, ಅರ್ಧ ಗಂಟೆ ಕಾದು, ಗುರುಬಸಮ್ಮನವರಿಂದ ಆಸ್ಪತ್ರೆಗೆ ಫೋನ್ ಮಾಡಿಸಲು ನೋಡಿ, ಲೈನು ಸಿಗದೆ, ಮಕ್ಕಳನ್ನು ಅವರಿಗೆ ಒಪ್ಪಿಸಿ ತಾನೇ ಹೋಗಿದ್ದಳು.

ಅವಳು ಹೇಳಿದ ಮೇಲೆ ಡಾಕ್ಟರು ತಡ ಮಾಡಲಿಲ್ಲ. ಎಕ್ಸ್‌ರೇಯಲ್ಲಿ ಬುರುಡೆಯ ಬಿರುಕು ಕಂಡಿತು. ಸಂಜೆಯೊಳಗೆ ಆಪರೇಷನ್ ಮಾಡಿ ಹೆಪ್ಪುಗಟ್ಟಿದ ರಕ್ತ ತೆಗೆದರು. ಅಲಮೇಲು ಬದುಕಿದಳು. ಹತ್ತು ದಿನಕ್ಕೆ ಕಣ್ಣು ಬಿಟ್ಟು ತಾಯಿಯನ್ನು ಗುರುತಿಸಿದಳು. ಬಲಗೈ ಬಲಗಾಲು ಆಡಲಿಲ್ಲ. ಮಾತು ಹೊರಡಲಿಲ್ಲ.

ಮಂಡಳಿಗೆ ವರದಿ ಬೇಕಾಯಿತು. ತ್ರಿಪುರಸುಂದರಿ ಗಂಡನಿಂದ ಬರೆಸಿ, ಟೈಪ್ ಮಾಡಿಸಿಕೊಂಡು ತಂದಳು. ಆಯಾ ಹೇಳದೆ ಕೇಳದೆ ಅಂಗಳ ಬಿಟ್ಟಿದ್ದರಿಂದ ಮಗು ಬಿತ್ತು, ಬಿದ್ದ ವಿಷಯವನ್ನು ಅವಳು ಮುಖ್ಯಸ್ಥೆಯಾದ ಟೀಚರಿಗೆ ತಿಳಿಸದೆ ಮುಚ್ಚಿಟ್ಟಳು ಎಂದು ಅದರಲ್ಲಿತ್ತು. ಆಸ್ಪತ್ರೆಗೆ ಹೋಗಿ ಹೇಳಿದವಳು ಅವಳೇ ಆದ್ದರಿಂದ ನೋಡುವವರಿಗೂ ಅದು ಸರಿಹೊಂದುತ್ತಿತ್ತು. ಶಿಶುವಿಹಾರ ಮುಚ್ಚಿದರೆ ಇಪ್ಪತ್ತೈದು ಮಕ್ಕಳ ಗತಿಯೇನು ಎಂದು ಕೇಳಿದಳು ತ್ರಿಪುರಸುಂದರಿ. ಕಾವೇರಮ್ಮ ಸಹಿ ಹಾಕಿದಳು. ಮಕ್ಕಳಿಗಾಗಿ ಹಾಕಿದೆ ಎಂದು ಆ ಹೊತ್ತು ನಂಬಿದ್ದಳು.

ಅಂಜಿನಮ್ಮನನ್ನು ಕರೆದು ನಾಳೆಯಿಂದ ಬರಬೇಡ ಎನ್ನುವ ಕೆಲಸವೂ ಅವಳ ಪಾಲಿಗೇ ಬಂತು. ಅಂಜಿನಮ್ಮನಿಗೆ ಓದು ಬರುತ್ತಿರಲಿಲ್ಲ. ಕಾಗದದಲ್ಲಿ ಏನು ಬರೆದಿದೆ, ಓದಿ ಎಂದಳು. ಕಾವೇರಮ್ಮ ಮೊದಲಿನಿಂದ ಕೊನೆಯ ತನಕ ಓದಿದಳು. ಎಲ್ಲಿಯೂ ತಲೆ ಎತ್ತಲಿಲ್ಲ.

“ಬೀರು ಸರ್ಸಿದ್ದು ಬರೀಲಿಲ್ವಾ?” ಎಂದು ಕೇಳಿದಳು ಅಂಜಿನಮ್ಮ.

ಕಾವೇರಮ್ಮ ಕಾಗದವನ್ನು ಕವರಿಗೆ ಹಾಕಿದಳು. ಅಂಜಿನಮ್ಮ ಗೂಡಿನಲ್ಲಿಟ್ಟಿದ್ದ ತನ್ನ ಎಲೆಅಡಿಕೆ ಚೀಲ ತೆಗೆದುಕೊಂಡು, ಮಲಗಿದ್ದ ಮಕ್ಕಳನ್ನು ದಾಟಿ ಹೊರಗೆ ಹೋದಳು.

ಆಮೇಲಿನ ಆರು ವಾರ ಕಾವೇರಮ್ಮ ಕೆಲಸಕ್ಕೆ ಹೋಗಿ ಬಂದಳು. ಹೊಸ ಆಯಾ ಬಂದಳು. ಮಕ್ಕಳು ಅಂಜಿನಮ್ಮನನ್ನು ಕೇಳಿ ಅಳುತ್ತಿದ್ದವು, ಕ್ರಮೇಣ ಕೇಳುವುದನ್ನು ಬಿಟ್ಟವು. ಕೊನೆಗೆ ಒಂದು ಭಾನುವಾರ, ಅಣ್ಣನ ಮನೆಯ ಹಜಾರದಲ್ಲಿ ಕೂತು, ತನ್ನ ಕೈಬರಹದಲ್ಲೇ ಎರಡು ಪ್ರತಿ ಬರೆದಳು. ಎಷ್ಟು ಹೊತ್ತಿಗೆ ಬಿತ್ತು, ಯಾರು ಯಾರನ್ನು ಒಳಗೆ ಕರೆದರು, ಎಷ್ಟು ಹೊತ್ತಿಗೆ ವಾಂತಿಯಾಯಿತು, ತಾಯಿಗೆ ತಾನು ಹೇಳಿದ ಸುಳ್ಳೇನು. ಎಲ್ಲ ಬರೆದು ಸಹಿ ಹಾಕಿದಳು. ಒಂದು ಪ್ರತಿಯನ್ನು ರಾಜೀನಾಮೆಯ ಜೊತೆ ತ್ರಿಪುರಸುಂದರಿಗೆ ಕೊಟ್ಟಳು. ಇನ್ನೊಂದನ್ನು ನಾರಾಯಣಮ್ಮನ ಮನೆಗೆ ಒಯ್ದಳು.

ನಾರಾಯಣಮ್ಮ ಮಗಳ ಬಲಗೈಗೆ ಎಣ್ಣೆ ತಿಕ್ಕುತ್ತಿದ್ದಳು. ತಲೆಯ ಕೂದಲು ಈಗಷ್ಟೇ ಚಿಗುರುತ್ತಿತ್ತು. ಅಲಮೇಲು ಟೀಚರನ್ನು ನೋಡಿ ಅರ್ಧ ಬಾಯಲ್ಲಿ ನಕ್ಕಳು. ನಾರಾಯಣಮ್ಮ ಕೈ ಒರೆಸಿಕೊಂಡು, ಕಾಗದವನ್ನು ನಿಧಾನವಾಗಿ, ಬೆರಳಿಟ್ಟು ಓದಿದಳು.

“ಎರಡು ಗಂಟೆ,” ಎಂದಳು. “ಎರಡು ಗಂಟೆಗೆ ನಾನು ಫೈಲ್ ಜೋಡಿಸ್ತಿದ್ದೆ. ಫೋನು ಪಕ್ಕದ ಮೇಜಿನ ಮೇಲೇ ಇತ್ತು.”

ಕಾವೇರಮ್ಮ ತಪ್ಪಾಯಿತು ಎಂದಳು. ನಾರಾಯಣಮ್ಮ ಅದನ್ನು ಕೇಳಿಸಿಕೊಂಡ ಹಾಗೆ ಕಾಣಲಿಲ್ಲ.

“ಅವತ್ತು ವಾರ್ಡಲ್ಲಿ ಅಂಜಿನಮ್ಮನ ಕೆನ್ನೆಗೆ ಹೊಡ್ದೆ ನಾನು. ಎಲ್ಲಾರ ಎದುರಿಗೆ. ಅವ್ಳು, ನಾನೇ ಅಲ್ಲಿರ್ಲಿಲ್ಲ, ತಪ್ಪು ನಂದು ಅಂದ್ಳೇ ಹೊರತು ನಿಮ್ಮ ಹೆಸರು ಎತ್ತಲಿಲ್ಲ.” ಕಾಗದ ಮಡಿಚಿ ದೇವರ ಪಟದ ಹಿಂದೆ ಇಟ್ಟಳು. “ಇನ್ನು ಹೋಗಿ. ನಮ್ಮೆಜಮಾನ್ರು ಬರೋ ಹೊತ್ತು.”

ಮುನಿಸ್ವಾಮಿ ಆ ಕಾಗದ ಹಿಡಿದುಕೊಂಡು ದೂರು ಕೊಟ್ಟ. ವಿಚಾರಣೆ ಎರಡು ವರ್ಷ ಎಳೆಯಿತು. ಕಾವೇರಮ್ಮ ಕರೆದಾಗಲೆಲ್ಲ ಹೋಗಿ ಅದೇ ಮಾತು ಹೇಳಿಬಂದಳು. ಮಗು ಬಿದ್ದ ವರ್ಷದ ದಸರೆಗೇ ಮಂಡಳಿ ಶಿಶುವಿಹಾರಕ್ಕೆ ಬೀಗ ಹಾಕಿತ್ತು. ತನ್ನ ಮಕ್ಕಳನ್ನು ಎಲ್ಲಿ ಬಿಡಲಿ ಎಂದು ತಾಯಿಯೊಬ್ಬಳು ದಾರಿಯಲ್ಲಿ ಅಡ್ಡ ನಿಂತು ಕಾವೇರಮ್ಮನನ್ನು ಕೇಳಿದಳು.

ಅಂಜಿನಮ್ಮ ಚಾಮರಾಜಪೇಟೆಯ ಒಂದು ಛತ್ರದಲ್ಲಿ ಪಾತ್ರೆ ತೊಳೆಯಲು ಸೇರಿದ್ದಳು. ವಿಚಾರಣೆ ಶುರುವಾದ ಮೇಲೆ ಕಾವೇರಮ್ಮ ಅಲ್ಲಿಗೆ ಹೋದಳು. ಅಂಜಿನಮ್ಮ ಕೂರಲು ಮಣೆ ಕೊಟ್ಟಳು. ನಿಜ ಬರೆದುಕೊಟ್ಟಿದ್ದೇನೆ ಎಂದಾಗ ಗೊತ್ತು ಎಂದಳು. ನಾರಾಯಣಮ್ಮ ಮಗುವನ್ನು ಎತ್ತಿಕೊಂಡು ಎರಡು ಸಲ ಬಂದಿದ್ದಳಂತೆ. ಅಲಮೇಲು ಎಡಗೈಯಲ್ಲಿ ಬಾಳೆಹಣ್ಣು ಸುಲಿದು ತಿಂದಳಂತೆ.

ನನ್ನನ್ನು ಕ್ಷಮಿಸುತ್ತೀಯಾ ಎಂದು ಕೇಳಲು ಕಾವೇರಮ್ಮ ಬಂದಿದ್ದಳು. ಅವಳು ಕೇಳುವ ಮೊದಲೇ ಅಂಜಿನಮ್ಮ ಸೆರಗು ಸಿಕ್ಕಿಸಿಕೊಂಡು ಎದ್ದು, ಮದುವೆ ಮನೆಯವರು ಬರುವ ಹೊತ್ತಾಯಿತು, ಕೊಪ್ಪರಿಗೆ ತೊಳೆಯಬೇಕು ಎಂದಳು. ಕಾವೇರಮ್ಮ ಮಣೆಯನ್ನು ಗೋಡೆಗೆ ಒರಗಿಸಿಟ್ಟು ಹೊರಟಳು.