ನೀರಲ್ಲಿ ಒಳ್ಳೆಯವನು

ಹೆಂಡತಿ ಗಾಜಿನ ಮುಖವಾಡದೊಳಗೆ ಉಗುಳಿದ್ದನ್ನು ಲಿಫ್ಟ್ ಮೇಸ್ತ್ರಿ ಕಣ್ಣಾರೆ ಕಂಡ. ಕದ್ದುಮುಚ್ಚಿ ಉಗುಳಿದ್ದಲ್ಲ. ದೋಣಿಯ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತು, ಮುಖವಾಡವನ್ನು ಬಟ್ಟಲಿನಂತೆ ಹಿಡಿದು, ಅದರೊಳಕ್ಕೆ ಅಚ್ಚುಕಟ್ಟಾಗಿ ಉಗುಳಿ, ಹೆಬ್ಬೆರಳಿನಿಂದ ಗಾಜಿಗೆಲ್ಲ ಸವರಿ, ಬಗ್ಗಿ ಸಮುದ್ರದಲ್ಲಿ ಅದ್ದಿ ಝಾಡಿಸಿದಳು. ಸ್ವಂತ ಮಗಳು ತನ್ನ ಬಾಚಣಿಗೆ ಮುಟ್ಟಿದರೂ ಅದನ್ನು ಸೋಪು ಹಾಕಿ ತೊಳೆದಿಡುವ ಹೆಂಗಸು ಅವಳು.

"ಏನೇ ಇದು, ಅಸಹ್ಯವಾಗಿ?" ಎಂದ ಮೇಸ್ತ್ರಿ.

"ಹೀಗೆ ಮಾಡಿದ್ರೆ ಗಾಜು ಮಂಜಾಗಲ್ಲ ರೀ," ಎಂದಳು. ಉಪ್ಪಿನ ಡಬ್ಬಿ ಎಲ್ಲಿದೆ ಎಂದು ಹೇಳುವಷ್ಟು ಸಲೀಸಾಗಿ ಹೇಳಿದಳು.

ಎಲ್ಲರಿಗೂ ನೀರೊಳಗೆ ನೋಡುವ ಮುಖವಾಡ, ಉಸಿರಾಡುವ ಕೊಳವೆ, ಕಾಲಿಗೆ ಹಾಕುವ ರಬ್ಬರಿನ ರೆಕ್ಕೆ ಹಂಚುತ್ತಿದ್ದ ದೋಣಿಯ ಗೈಡು ಅದನ್ನು ನೋಡಿ ಹಲ್ಲುಬಿಟ್ಟ. ತಲೆ ಬೋಳಾಗಿ, ಹೊಟ್ಟೆ ಮುಂದೆ ಬಂದಿದ್ದ ಮನುಷ್ಯ. ಅಮ್ಮಾವ್ರಿಗೆ ಇದೆಲ್ಲ ಹಳೇ ರೂಢಿ ಅಂತ ಕಾಣುತ್ತೆ, ಇವರಿಗೆ ನಾನೇನೂ ಹೇಳಿಕೊಡೋದು ಬೇಡ ಎಂದ. ಹೆಂಡತಿ ನಕ್ಕಳು. ಆ ಬೋಳುತಲೆಯವನ ಮೇಲೆ ಮೇಸ್ತ್ರಿಗೆ ಅಲ್ಲೇ ಒಂದು ಸಣ್ಣ ಸಿಟ್ಟು ಹುಟ್ಟಿತು.

ದೊಡ್ಡ ಆಸ್ಪತ್ರೆಯೊಂದಕ್ಕೆ ಅಷ್ಟೂ ಲಿಫ್ಟುಗಳನ್ನು ಕೂರಿಸಿ ಮುಗಿಸಿದ್ದಕ್ಕೆ ಕಂಪನಿ ಕೊಟ್ಟ ಬಹುಮಾನ ಈ ಪ್ರವಾಸ. ಅರ್ಧ ದಿನ, ಎರಡು ದ್ವೀಪ, ಮನೆಯವರೊಬ್ಬರನ್ನು ಕರೆತರಬಹುದು. ಮಗಳನ್ನು ತನ್ನ ಅಕ್ಕನ ಮನೆಯಲ್ಲಿ ಬಿಟ್ಟು ಮೇಸ್ತ್ರಿ ಹೆಂಡತಿಯನ್ನು ಕರೆತಂದಿದ್ದ. ವಾರದಿಂದ ಅವಳಿಗೆ ಬುದ್ಧಿ ಹೇಳಿದ್ದೇ ಹೇಳಿದ್ದು. ನೀನು ದೋಣಿಯಲ್ಲೇ ನೆರಳಲ್ಲಿ ಕೂತಿರು, ಹೆದರಬೇಡ, ನಾನು ಸ್ವಲ್ಪ ಹೊತ್ತು ಇಳಿದು ನೋಡಿಕೊಂಡು ಬರ್ತೀನಿ, ಕೆಳಗೆ ಏನೇನಿದೆ ಅಂತ ಬಂದು ಹೇಳ್ತೀನಿ. ಅವಳು ಎಲ್ಲದಕ್ಕೂ ಹೂಂ ಎಂದಿದ್ದಳು.

ಅವನ ಧೈರ್ಯಕ್ಕೆ ಕೊರತೆಯೇನೂ ಇರಲಿಲ್ಲ. ಲಿಫ್ಟಿನ ನೆತ್ತಿಯ ಮೇಲೆ ನಿಂತು, ಹಣೆಗೆ ಒಂದು ದೀಪ ಕಟ್ಟಿಕೊಂಡು, ಕಾಲ ಕೆಳಗೆ ಇಡೀ ಕಟ್ಟಡದಷ್ಟು ಆಳದ ಕತ್ತಲೆ ಬಾಯಿ ತೆರೆದಿದ್ದರೂ ಅಲ್ಲೇ ಊಟದ ಡಬ್ಬಿ ಬಿಚ್ಚುವ ಗಂಡಸು. ಈಜು ಬಾರದು ನಿಜ. ಆದರೆ ತೇಲುವ ಜಾಕೆಟ್ ಇರುತ್ತದಲ್ಲ, ಅದೇನು ಮಹಾ ವಿದ್ಯೆ ಎಂದುಕೊಂಡಿದ್ದ. ಹೆಂಡತಿಗೆ ಈಜು ಬರುತ್ತದೆಯೋ ಇಲ್ಲವೋ ಎಂಬ ಪ್ರಶ್ನೆ, ಮದುವೆಯಾದಂದಿನಿಂದ ಇವತ್ತಿನವರೆಗೆ, ಅವನ ತಲೆಯೊಳಗೆ ಒಮ್ಮೆಯೂ ಸುಳಿದಿರಲಿಲ್ಲ. ಔಷಧಿ ಅಂಗಡಿಯ ಕೌಂಟರಿನ ಹಿಂದೆ ನಿಂತು ಮಾತ್ರೆ ಎತ್ತಿಕೊಡುವವಳು, ಸಂಜೆ ಕಾಲು ನೋವೆಂದು ಬಿಸಿನೀರಿನ ಬಕೆಟ್ಟಿನಲ್ಲಿ ಪಾದ ಇಟ್ಟುಕೊಂಡು ಕೂರುವವಳು. ಅವಳಿಗೂ ನೀರಿಗೂ ಅಷ್ಟೇ ನಂಟು ಎಂದು ನಂಬಿದ್ದ.

ಅವಳು ಮುಖವಾಡ ಏರಿಸಿ, ಅದನ್ನು ಅಂಗೈಯಿಂದ ಒತ್ತಿ ಹಿಡಿದು, ದೋಣಿಯ ಅಂಚಿನಿಂದ ಸದ್ದೇ ಇಲ್ಲದೆ ಜಾರಿಕೊಂಡಳು. ಜಾಕೆಟ್ಟನ್ನು ಮೊದಲೇ ಕಳಚಿ ಮಡಿಸಿ ಸೀಟಿನ ಮೇಲಿಟ್ಟಿದ್ದಳು. ಗೈಡು ಬೇಡ ಎನ್ನಲಿಲ್ಲ.

ಮೇಸ್ತ್ರಿ ಏಣಿ ಹಿಡಿದು ಇಳಿದ. ನೀರು ಸೊಂಟಕ್ಕೆ ಬಂದಾಗ ಉಸಿರು ಕಟ್ಟಿತು. ಎದೆಗೆ ಬಂದಾಗ ಕಿತ್ತಳೆ ಬಣ್ಣದ ಜಾಕೆಟ್ ಮೇಲೆದ್ದು ಅವನ ಕಿವಿಯವರೆಗೂ ಬಂತು. ಏಣಿಯ ಕೊನೆಯ ಮೆಟ್ಟಿಲಿನಿಂದ ಅವನ ಕೈ ಕಿತ್ತುಕೊಂಡು ಬರಲಿಲ್ಲ. ಪಕ್ಕದಲ್ಲೇ ತನ್ನ ಗುಂಡಗಿನ ಮೈಯನ್ನು ಬೆಂಡಿನಂತೆ ತೇಲಿಬಿಟ್ಟಿದ್ದ ಕಂಪನಿಯ ಸ್ಟೋರ್‌ಕೀಪರು, ಮೇಸ್ತ್ರಿಗಳು ಏಣಿಯನ್ನೂ ರಿಪೇರಿ ಮಾಡ್ತಿದ್ದಾರೋ ಹೇಗೆ ಎಂದು ಚುಡಾಯಿಸಿದ. ಮೇಸ್ತ್ರಿಗೆ ಅದು ಅರ್ಧ ಕಿವಿಗೂ ಬೀಳಲಿಲ್ಲ. ಅವನು ಹೆಂಡತಿಯನ್ನು ಹುಡುಕುತ್ತಿದ್ದ.

ಅವಳು ಆಗಲೇ ದೂರ ಹೋಗಿದ್ದಳು. ತಿಳಿನೀಲಿ ನೀರಿನ ಮೇಲೆ ಮುಖ ಅಡಿ ಮಾಡಿ ಮಲಗಿ, ಕೈಯನ್ನೂ ಆಡಿಸದೆ, ಸೊಂಟದಿಂದ ಕೆಳಗೆ ಮಾತ್ರ ಮೆಲ್ಲಗೆ ಅಲುಗಾಡುತ್ತ ಹೋಗುತ್ತಿದ್ದಳು. ಇದ್ದಕ್ಕಿದ್ದಂತೆ ಮೈ ಮಡಿಸಿದಳು. ಎರಡು ಪಾದ ಒಂದು ಕ್ಷಣ ಆಕಾಶಕ್ಕೆ ನೆಟ್ಟಗೆ ನಿಂತು ಮಾಯವಾದವು. ನೀರು ಮುಚ್ಚಿಕೊಂಡಿತು. ಮೇಸ್ತ್ರಿ ಗೈಡನ್ನು ಕೂಗಲು ಬಾಯಿ ತೆರೆದ, ಬಾಯಿಗೆ ಉಪ್ಪುನೀರು ಬಂತು. ಅಷ್ಟರಲ್ಲಿ ಅವಳು ಇನ್ನೆಲ್ಲೋ ಎದ್ದು, ಕೊಳವೆಯಿಂದ ಪುಸ್ಸೆಂದು ನೀರು ಚಿಮ್ಮಿಸಿ, ಏನೂ ಆಗದವಳಂತೆ ಮುಂದೆ ಸಾಗಿದಳು.

"ಯಾರೋ ಚೆನ್ನಾಗಿ ಕಲಿಸಿದ್ದಾರೆ," ಎಂದ ಗೈಡು, ಮೇಲಿನಿಂದ.

ಯಾರೋ. ಆ ಒಂದು ಮಾತು ಹಲ್ಲಿನ ಸಂದಿಗೆ ಸಿಕ್ಕ ನಾರಿನಂತೆ ಮೇಸ್ತ್ರಿಯನ್ನು ಕಾಡತೊಡಗಿತು. ಯಾರು? ಅವಳ ಅಪ್ಪ ಇಡೀ ಜೀವಮಾನ ಅಂಚೆ ಕಚೇರಿಯ ಕುರ್ಚಿ ಬಿಟ್ಟು ಏಳಲಿಲ್ಲ. ಅಣ್ಣನಿಗೆ ಸ್ನಾನ ಮಾಡುವುದಕ್ಕೇ ಸೋಮಾರಿತನ. ಹಾಗಾದರೆ ಅವಳ ಹೆಬ್ಬೆರಳಿಗೆ ಗಾಜು ಉಜ್ಜುವುದನ್ನು ತೋರಿಸಿಕೊಟ್ಟ ಕೈ ಯಾರದು? ಈಜು ಮಾತಿನಿಂದ ಬರುವ ವಿದ್ಯೆಯಲ್ಲ. ಹೊಟ್ಟೆಯ ಕೆಳಗೆ ಕೈ ಕೊಟ್ಟು ಎತ್ತಿ ಹಿಡಿಯಬೇಕು, ಅಷ್ಟು ಅವನಿಗೂ ಗೊತ್ತಿತ್ತು. ಏಣಿ ಹಿಡಿದು ನೇತಾಡುತ್ತಿದ್ದವನ ಹೊಟ್ಟೆಯೊಳಗೆ, ಸುತ್ತಲೂ ತಣ್ಣೀರಿದ್ದರೂ, ಬೆಂಕಿ ಹತ್ತಿಕೊಂಡಿತು.

ಮೊದಲ ದ್ವೀಪದಲ್ಲಿ ಇಳಿಸಿದರು. ಬಿಳಿ ಮರಳು, ಅಗಲ ಎಲೆಯ ಮರಗಳು, ಚಾಪೆ ಹಾಸಿದ ನೆರಳು. ತಟ್ಟೆಗಳಲ್ಲಿ ಹಣ್ಣಿನ ಹೋಳು ಬಂತು. ಉಳಿದವರು ಮರಳಿನಲ್ಲಿ ಹೊರಳಾಡಿ, ಕಂಡ ಅಂಗೈಯಗಲದ ಮೀನುಗಳನ್ನು ಮೊಳದುದ್ದ ಮಾಡಿ ವರ್ಣಿಸುತ್ತಿದ್ದರು. ಸ್ಟೋರ್‌ಕೀಪರನ ಹೆಂಡತಿ, ನೀವು ಮೀನೇ ಬಿಡಿ, ಎಂದು ಮೇಸ್ತ್ರಿಯ ಹೆಂಡತಿಯ ಕೈ ಹಿಡಿದು ಹೊಗಳಿದಳು. ಇಂಥ ಹೆಂಡತಿಯನ್ನು ಇಷ್ಟು ದಿನ ಬಚ್ಚಿಟ್ಟಿದ್ದೀಯಲ್ಲೋ ಎಂದು ಯಾರೋ ಮೇಸ್ತ್ರಿಯ ಬೆನ್ನು ತಟ್ಟಿದರು. ಎಲ್ಲ ಗೊತ್ತಿದ್ದವನಂತೆ ಅವನು ಹಲ್ಲು ಕಿರಿದ. ಜನ ಅತ್ತ ಹೋದಮೇಲೆ ಮುಖ ಮೊದಲಿನ ಹಾಗೆ ಊದಿಕೊಂಡಿತು.

ಹೆಂಡತಿ ತಲೆ ಒಂದು ಕಡೆ ವಾಲಿಸಿ ಕೂದಲು ಹಿಂಡುತ್ತಿದ್ದಳು. ಅವಳ ಮುಖದ ಮೇಲೆ ಮುಖವಾಡದ ರಬ್ಬರು ಒತ್ತಿದ ಗುರುತು ಕೆಂಪಗೆ ಇತ್ತು. ಎಷ್ಟೋ ವರ್ಷದಿಂದ ನೋಡುತ್ತ ಬಂದ ಮುಖ, ಆದರೆ ಅದರಲ್ಲಿ ಈ ನಿರಾಳವನ್ನು ಅವನು ನೋಡಿರಲಿಲ್ಲ. ಅದೇ ಅವನನ್ನು ಇನ್ನಷ್ಟು ಕೆಣಕಿತು.

ಈಜು ಬರುತ್ತೆ ಅಂತ ಯಾಕೆ ಹೇಳಲಿಲ್ಲ ಎಂದು ಕೇಳಿದ. ನೀವು ಕೇಳಲೇ ಇಲ್ಲವಲ್ಲ ಎಂದಳು. ವಾರದಿಂದ ನಾನು ಅಷ್ಟೆಲ್ಲ ಹೇಳುವಾಗ ಬಾಯಿ ಬಿಡಬಾರದಿತ್ತೇ ಎಂದ. ನೀವು ಅಷ್ಟು ಖುಷಿಯಾಗಿ ಹೇಳ್ತಿದ್ರಿ, ಹಾಳು ಮಾಡೋದು ಯಾಕೆ ಅಂತ ಸುಮ್ಮನಾದೆ ಎಂದಳು. ಅದರಲ್ಲಿ ಕೊಂಕು ಇರಲಿಲ್ಲ. ಇದ್ದಿದ್ದರೆ ಜಗಳವಾಡಲು ಅವನಿಗೆ ಅನುಕೂಲವಾಗುತ್ತಿತ್ತು.

"ಕಲಿಸಿದ್ದು ಯಾರು?"

ಅವಳ ಕೈ ಕೂದಲಲ್ಲೇ ನಿಂತಿತು. "ಹೇಳಿದ್ರೆ ಮುಖ ಊದಿಸ್ಕೋತೀರಿ."

"ನಾನ್ಯಾಕೆ ಊದಿಸ್ಕೊಳ್ಳಲಿ?"

"ನಿಮಗಿಂತ ಮೊದಲು ನಿಶ್ಚಯ ಆಗಿತ್ತಲ್ಲ, ಅವನು."

ಆ ಸಂಬಂಧದ ವಿಷಯ ಮೇಸ್ತ್ರಿಗೆ ಗೊತ್ತಿಲ್ಲದ್ದೇನಲ್ಲ. ಮದುವೆಯ ಮಾತುಕತೆಯ ದಿನವೇ ಅವಳ ಅಣ್ಣ ಬಿಚ್ಚಿ ಹೇಳಿದ್ದ. ಅವಳು ಓದಲೆಂದು ರೇವಿನ ಬಳಿ ಚಿಕ್ಕಮ್ಮನ ಮನೆಯಲ್ಲಿದ್ದಾಗ ಒಂದು ಕಡೆ ಮಾತಾಗಿತ್ತು, ಮುರಿದು ಹೋಯಿತು, ಆ ಹುಡುಗ ಕೆಲಸಕ್ಕೆ ಬಾರದವನು, ಹಡಗಿನ ತಳಕ್ಕೆ ಅಂಟಿದ ಚಿಪ್ಪು ಕೆರೆಯುತ್ತಿದ್ದ. ಮೇಸ್ತ್ರಿ ದೊಡ್ಡ ಮನಸ್ಸು ಮಾಡಿ, ಆದದ್ದು ಆಯಿತು ಬಿಡಿ ಎಂದಿದ್ದ. ಚಿಪ್ಪು ಕೆರೆಯುವವನ ಮೇಲೆ ಹೊಟ್ಟೆಕಿಚ್ಚು ಪಡುವುದು ಲಿಫ್ಟ್ ಮೇಸ್ತ್ರಿಯ ಘನತೆಗೆ ಕಡಿಮೆ ಎನಿಸಿತ್ತು. ಆದರೆ ಹಡಗಿನ ತಳ ನೀರಿನ ಅಡಿಯಲ್ಲಿರುತ್ತದೆ, ಅದನ್ನು ಕೆರೆಯುವವನು ಮುಳುಗಬೇಕು ಎಂಬುದು ಅವನಿಗೆ ಹೊಳೆದದ್ದು ಈಗ, ಈ ಮರಳಿನ ಮೇಲೆ.

"ಅವನಿಗೆ ಏನೂ ಬರ್ತಿರಲಿಲ್ಲ ಅಂದಿದ್ದ ನಿಮ್ಮಣ್ಣ."

"ಈಜು ಬರ್ತಿತ್ತು," ಎಂದಳು.

ಮೇಸ್ತ್ರಿ ಎದ್ದು ನಡೆದುಬಿಟ್ಟ. ನಡೆಯಲು ದ್ವೀಪವಾದರೂ ಎಷ್ಟು ದೊಡ್ಡದು? ಒಂದು ಸುತ್ತು ಹಾಕುವುದರಲ್ಲಿ ಮತ್ತೆ ಅದೇ ಚಾಪೆಯ ಎದುರು ಬಂದು ನಿಂತಿದ್ದ. ನಾಚಿಕೆಯಿಂದ ಇನ್ನೊಂದು ಸುತ್ತು ಹಾಕಿದ. ಸುತ್ತುತ್ತಿದ್ದಷ್ಟು ಹೊತ್ತೂ ಆ ಹುಡುಗ ಕಣ್ಣೆದುರಿಗಿದ್ದ. ಮುಖವೇ ಇಲ್ಲದ ಹುಡುಗ, ಬರೀ ಭುಜ, ಬರೀ ಒದ್ದೆ ಬೆನ್ನು. ಅವನಿಗೆ ವಯಸ್ಸೂ ಆಗಿರಲಿಲ್ಲ, ಹೊಟ್ಟೆಯೂ ಬಂದಿರಲಿಲ್ಲ.

ಎರಡನೆಯ ದ್ವೀಪದ ಹತ್ತಿರ, ನೀರಿನಡಿ ಬಂಡೆಗಳಿದ್ದ ಕಡೆ ದೋಣಿ ನಿಂತಾಗ ಮೇಸ್ತ್ರಿ ಏಣಿಯ ಕಡೆ ನೋಡಲೇ ಇಲ್ಲ. ಮುಖವಾಡ ಸಿಕ್ಕಿಸಿಕೊಂಡವನೇ, ಹೆಂಡತಿ ತಡೀರಿ ಎನ್ನುವಷ್ಟರಲ್ಲಿ, ದೋಣಿಯ ಅಂಚಿನಿಂದ ಧುಮುಕಿಬಿಟ್ಟ.

ಆಮೇಲೆ ಏನಾಯಿತೆಂದು ಅವನಿಗೆ ಸರಿಯಾಗಿ ಹೇಳಲು ಬರುವುದಿಲ್ಲ. ಪಟ್ಟಿ ಸಡಿಲವಾಗಿದ್ದ ಮುಖವಾಡದೊಳಗೆ ನೀರು ನುಗ್ಗಿ ಕಣ್ಣು ಮೂಗು ಉರಿಯಿತು. ಜಾಕೆಟ್ ಮೇಲಕ್ಕೆಳೆಯುತ್ತಿದ್ದರೂ ತಾನು ಇಳಿಯುತ್ತಲೇ ಇದ್ದೇನೆ ಎನಿಸಿತು. ಕೈಗೆ ಸಿಕ್ಕಿದ್ದನ್ನು ತಬ್ಬಿದ. ಸಿಕ್ಕಿದ್ದು ಹೆಂಡತಿಯ ಕತ್ತು. ಅವಳು ಅವನ ಹಿಂದೆಯೇ ಹಾರಿದ್ದಳು. ಅವನ ಭಾರಕ್ಕೆ ಅವಳೂ ಮುಳುಗಿದಳು, ಅವನ ತೋಳಿನೊಳಗಿಂದ ಕೆಳಕ್ಕೆ ಜಾರಿ ತಪ್ಪಿಸಿಕೊಂಡು ಬೆನ್ನ ಹಿಂದೆ ಎದ್ದಳು. ಜಾಕೆಟ್ಟಿನ ಕೊರಳಪಟ್ಟಿ ಹಿಡಿದು ಅವನ ತಲೆಯನ್ನು ಹಿಂದಕ್ಕೆ ಎಳೆದುಕೊಂಡಳು. ಗೈಡು ನೀರಿಗಿಳಿಯಲು ಹೊರಟದ್ದನ್ನು ಕೈ ಎತ್ತಿ ತಡೆದಳು.

"ನೀರನ್ನ ಹಿಡ್ಕೊಳ್ಳೋಕೆ ಹೋಗ್ಬೇಡಿ," ಎಂದಳು ಅವನ ಕಿವಿಯ ಬಳಿ. "ಅದು ಹಿಡಿಯೋಕೆ ಸಿಗಲ್ಲ. ಸುಮ್ನೆ ಮಲ್ಕೊಳ್ಳಿ. ಅದೇ ನಿಮ್ಮನ್ನ ಹಿಡ್ಕೊಳ್ಳುತ್ತೆ."

ಹೆಂಡತಿಯ ಮಾತಿನ ಧಾಟಿ ಮೇಸ್ತ್ರಿಗೆ ಅಂಗೈ ಗೆರೆಯಷ್ಟು ಪರಿಚಿತ. ಗ್ಯಾಸ್ ಆರಿಸಿದ್ರಾ, ಟವೆಲ್ ಒಣಗಿಸಿದ್ರಾ, ಆ ಧಾಟಿ. ಇದು ಅದಲ್ಲ. ಈ ಮಾತು ಅವಳಿಗೆ ಎಂದೋ ಯಾರೋ ಹೇಳಿದ್ದು, ಇಷ್ಟೇ ಹತ್ತಿರದಿಂದ, ಇದೇ ದನಿಯಲ್ಲಿ. ಕೇಳದಿದ್ದರೆ ಮುಳುಗಬೇಕು. ಕೇಳಿದರೆ ಆ ಚಿಪ್ಪು ಕೆರೆಯುವವನ ಮಾತು ಕೇಳಿದಂತೆ. ಮೇಸ್ತ್ರಿ ಒಂದು ಗುಟುಕು ಸಮುದ್ರ ಕುಡಿದ. ಆಮೇಲೆ ಕೈಕಾಲು ಸಡಿಲ ಬಿಟ್ಟು ಮಲಗಿದ.

ನೀರು ಹಿಡಿದುಕೊಂಡಿತು.

"ಅವನು ಹೇಳಿದ್ದಾ?" ಎಂದ, ಕೆಮ್ಮು ನಿಂತ ಮೇಲೆ, ಆಕಾಶ ನೋಡುತ್ತ.

"ಹೂಂ," ಎಂದಳು. ಮುಚ್ಚಿಡಲಿಲ್ಲ. ಅವನ ಮುಖವಾಡ ತೆಗೆದು, ತಾನೇ ಅದರೊಳಗೆ ಉಗುಳಿ ಉಜ್ಜಿ ತೊಳೆದು, ಪಟ್ಟಿ ಬಿಗಿದು ಹಾಕಿದಳು. "ಈಗ ತಿರುಗಿ ಮುಖ ಕೆಳಗೆ ಹಾಕಿ. ಕೈ ನಾನು ಹಿಡ್ಕೊಂಡಿರ್ತೀನಿ."

ಅವನು ಮುಖ ಕೆಳಗೆ ಹಾಕಿದ. ತನ್ನದೇ ಉಸಿರು ಕೊಳವೆಯಲ್ಲಿ ಗೊರಗೊರ ಎನ್ನುತ್ತಿತ್ತು. ಅದರಾಚೆ ಎಲ್ಲೋ ಕಡಲೆ ಹುರಿಯುತ್ತಿರುವಂಥ ಚಟಪಟ ಸದ್ದು. ಕೆಳಗೆ ಹೂಕೋಸಿನಂಥ ಬಂಡೆಗಳು, ಅವುಗಳ ಮೇಲೆ ನಡುಗುವ ಬಿಸಿಲಿನ ಬಲೆ, ಗಿಳಿಯ ಬಣ್ಣದ ಒಂದು ಮೀನು ಬಂಡೆಯನ್ನೇ ಕಡಿದು ತಿನ್ನುತ್ತಿತ್ತು. ಚೆಂದವೆಂದರೆ ಚೆಂದ. ಅವಳು ಇದನ್ನೆಲ್ಲ ಇಪ್ಪತ್ತರ ಹುಡುಗಿಯಾಗಿದ್ದಾಗಲೇ ಕಂಡಿದ್ದಳು, ಇನ್ನೊಂದು ಕೈ ಹಿಡಿದುಕೊಂಡು. ಮೇಸ್ತ್ರಿಯ ಕಣ್ಣು ಮೀನಿನ ಮೇಲೆ, ಮನಸ್ಸು ಮಣಿಕಟ್ಟಿನ ಮೇಲಿದ್ದ ಅವಳ ಬೆರಳುಗಳ ಮೇಲೆ. ಆ ಬೆರಳು ಸಡಿಲವಾದಾಗಲೆಲ್ಲ ಅವನೇ ಕೈ ತಿರುಗಿಸಿ ಹಿಡಿದುಕೊಂಡ. ಗಾಜು ಮಾತ್ರ ಕೊನೆಯವರೆಗೂ ಮಂಜಾಗಲಿಲ್ಲ.

ಮರಳುವಾಗ ದೋಣಿಯಲ್ಲಿ ಅರ್ಧ ಜನ ನಿದ್ದೆ ಹೋಗಿದ್ದರು. ಮೇಸ್ತ್ರಿ ಟವೆಲ್ ಹೊದ್ದು ಕೂತಿದ್ದ. ತೀರ ಕಾಣಿಸಿದ ಮೇಲೆ, ಅಷ್ಟು ಚೆನ್ನಾಗಿದ್ದವನನ್ನ ಯಾಕೆ ಬಿಟ್ಟೆ ಎಂದು ಕೇಳಿದ. ಕೇಳಿದ ರೀತಿ ಜಗಳದ್ದಾಗಿರಲಿಲ್ಲ.

ಅವಳು ಒದ್ದೆ ಟವೆಲ್ ಮಡಿಸುತ್ತ ಹೇಳಿದಳು. "ನೀರಲ್ಲಿ ಮಾತ್ರ ಒಳ್ಳೆಯವನು ಅವನು. ಕುಡಿಯೋನಲ್ಲ, ಕೈ ಮಾಡೋನಲ್ಲ. ಆದ್ರೆ ದಡಕ್ಕೆ ಬಂದು ಬಾಯಿ ಬಿಟ್ರೆ ಸುಳ್ಳು. ಊಟ ಮಾಡಿದ್ಯಾ ಅಂತ ಕೇಳಿದ್ರೂ ಸುಳ್ಳು ಹೇಳ್ತಿದ್ದ. ನೀರೊಳಗೆ ಮಾತಾಡೋಕೆ ಆಗಲ್ವಲ್ಲ. ಅದಕ್ಕೇ ಅಷ್ಟು ದಿನ ನಡೀತು. ಬೇಡ ಅಂದದ್ದು ನಾನೇ."

ಮೇಸ್ತ್ರಿಯ ಎದೆಯ ಮೇಲಿಂದ ಒಂದು ಚಪ್ಪಡಿ ಸರಿದಂತಾಯಿತು. ಸುಳ್ಳುಗಾರ. ಬೇಡ ಅಂದದ್ದು ಇವಳೇ. ಆ ಸಮಾಧಾನ ದೋಣಿ ಕಟ್ಟೆಗೆ ತಾಗುವವರೆಗೂ ಉಳಿಯಲಿಲ್ಲ. ಮಾತ್ರ ಎಂದಳು ನಿಜ, ಆದರೂ ನೀರಲ್ಲಿ ಒಳ್ಳೆಯವನು ಎಂದಳಲ್ಲ. ಅಲ್ಲಿ ಅವನು ಒಳ್ಳೆಯವನೇ ಆಗಿದ್ದ. ಅಲ್ಲಿ ಅವನನ್ನು ಸೋಲಿಸಲು ಯಾರಿಂದಲೂ ಆಗದು, ಸುಳ್ಳು ಹೇಳದೆ ಬದುಕಿದ ಗಂಡನಿಂದಲೂ ಆಗದು.

ಬಸ್ಸಿನಲ್ಲಿ ಅವಳು ಏನೋ ಕೇಳಿದಳು. ಅವನು ಉತ್ತರ ಕೊಡಲಿಲ್ಲ. ಇನ್ನೂ ಸಿಟ್ಟಾ ಎಂದು ಭುಜ ಮುಟ್ಟಿದಳು. ಸಿಟ್ಟಲ್ಲ, ಈ ಕಿವಿ ಕಟ್ಟಿದೆ, ನೀರು ಸೇರಿಕೊಂಡಿದೆ, ನೀನು ಪಕ್ಕದ ಮನೆಯಿಂದ ಮಾತಾಡಿದ ಹಾಗೆ ಕೇಳಿಸ್ತಿದೆ ಎಂದ.

ಅವಳು ಅವನ ಕಿವಿಯ ಹಾಲೆ ಹಿಡಿದಳು. ತಲೆ ಈ ಕಡೆ ಪೂರ್ತಿ ವಾಲಿಸಿ, ಅಲ್ಲಾಡಿಸಬೇಡಿ, ಅದಾಗಿಯೇ ಬರಬೇಕು ಎಂದು ಹೇಳಿ ಹಾಲೆಯನ್ನು ಮೆಲ್ಲಗೆ ಹಿಂದಕ್ಕೆ ಎಳೆದಳು. ಇದನ್ನು ಯಾರು ಹೇಳಿಕೊಟ್ಟರು ಎಂಬ ಮಾತು ಮೇಸ್ತ್ರಿಯ ನಾಲಿಗೆಯ ತುದಿಗೆ ಬಂತು. ಅವನು ಅದನ್ನು ಅಲ್ಲೇ ಹಿಡಿದುಕೊಂಡು ತಲೆಯನ್ನು ಅವಳ ಹೆಗಲಿನ ಮೇಲೆ ವಾಲಿಸಿದ. ಬಸ್ಸು ಒಂದು ತಿರುವು ತೆಗೆದುಕೊಂಡಿತು. ಒಳಗೆಲ್ಲೋ ಪಟ್ಟೆಂದಿತು. ಬೆಚ್ಚಗಿನ ನೀರಿನ ಒಂದು ಎಳೆ ಕಿವಿಯಿಂದಿಳಿದು ಅವಳ ತೋಳಿನ ಒಣಗಿದ ಬಟ್ಟೆಯನ್ನು ರೂಪಾಯಿಯಗಲ ಒದ್ದೆ ಮಾಡಿತು. ಹೋಯ್ತಾ ಎಂದು ಅವಳು ಕೇಳಿದ್ದು ಈಗ ಸ್ಪಷ್ಟವಾಗಿ ಕೇಳಿಸಿತು.

"ಇನ್ನೂ ಸ್ವಲ್ಪ ಇದೆ," ಎಂದು ಅವನು ತಲೆ ಎತ್ತದೆ ಹೇಳಿದ.